ಎರಡು ಬೆಳೆಯ ನಡುವಿನ ಬೆಂಕಿ

ಹೊಂಗನೂರಿನ ಕೊನೆಯ ಮನೆಯ ಹಿತ್ತಿಲಿಗೆ ಇನ್ನೂ ಬಿಸಿಲು ಬಂದಿಲ್ಲ. ಮೂರು ಕಲ್ಲಿನ ಒಲೆಯ ಮೇಲೆ ಅಗಲವಾದ ಕಬ್ಬಿಣದ ಬಾಣಲೆ ಇದೆ. ಅದರ ಮುಂದೆ ಕುಕ್ಕುರುಗಾಲಲ್ಲಿ ಕುಳಿತ ಚಿಕ್ಕಬೀರಯ್ಯ ಕಡಲೆಕಾಯಿ ಹುರಿಯುವವರ ಹಾಗೆ ಮರಳು ಹುರಿಯುತ್ತಿದ್ದಾರೆ. ಆಗಾಗ ಒಂದು ಚಿಟಿಕೆ ತೆಗೆದು ಅಂಗೈಗೆ ಹಾಕಿಕೊಂಡು ಊದುತ್ತಾರೆ. ಒಂದು ಕಾಳು ಅಂಟಿಕೊಂಡರೂ ಮತ್ತೆ ಸೌಟು ಆಡಿಸುತ್ತಾರೆ.

"ಒಸಿ ತೇವ ಇದ್ರೂ ಪೈಪೊಳಗೇ ಹಬೆ ಕಟ್ಕಂಡು ಬಿರಡೆ ಹಾರಿಸ್ಬುಡ್ತದೆ ಮೇಡಮ್ಮೋರೆ. ಇಲ್ ನೋಡಿ," ಎಂದು ಹುಬ್ಬಿನ ಮೇಲಿನ ಹಳೆಯ ಗಾಯದ ಗುರುತು ತೋರಿಸುತ್ತಾರೆ. ಅವರ ಕೆಲಸದ ಬಗ್ಗೆ ಬರೆಯಲು ಬಂದಿರುವ ನಾನು ನನಗೇ ಗೊತ್ತಿಲ್ಲದಂತೆ ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ಅವರು ಅದನ್ನು ಗಮನಿಸಿ, ಬಾವಿಕಟ್ಟೆಯ ಪಕ್ಕದ ಕಲ್ಲನ್ನು ತೋರಿಸಿ ಅಲ್ಲಿ ಕುಳಿತರೆ ಭಯವಿಲ್ಲ ಎನ್ನುತ್ತಾರೆ.

ಮರಳು ಅವರಿಗೆ ಬೇಕಾಗಿರುವುದು ಪೈಪು ಬಗ್ಗಿಸಲು. ಬರೀ ಪೈಪನ್ನು ಕಾಯಿಸಿ ಬಗ್ಗಿಸಿದರೆ ಅದು ಹುಲ್ಲುಕಡ್ಡಿಯಂತೆ ಮಡಚಿಕೊಳ್ಳುತ್ತದೆ. ಒಳಗೆ ಒಣಮರಳು ಗಿಡಿದು, ಎರಡು ತುದಿಗೂ ಬೊಂಬೆ ಮಾಡುವ ಆಲೆ ಮರದ ಬಿರಡೆ ಜಡಿದು, ಆಮೇಲೆ ಇದ್ದಿಲಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿದರೆ ಹೊಟ್ಟೆ ಒಳಸರಿಯದೆ ದುಂಡಗೆ ತಿರುಗುತ್ತದೆ. ಹೀಗೆ ಬಗ್ಗಿಸಿದ ನಾಲ್ಕು ಪೈಪುಗಳು ಹಳೆಯ ಜೀಪಿನ ಎಂಜಿನ್ನಿನ ನಾಲ್ಕು ಬಾಯಿಗಳಿಂದ ಹೊಗೆ ಹೊತ್ತು ತಂದು ಒಂದೇ ಕೊಳವೆಗೆ ಸೇರಿಸುತ್ತವೆ. ನಾಲ್ಕೂ ಒಂದೇ ಉದ್ದ ಇರಬೇಕು, ಆದರೆ ನಾಲ್ಕೂ ಬೇರೆ ಬೇರೆ ದಾರಿಯಲ್ಲಿ ಬರಬೇಕು. ಇದೇ ಕೆಲಸ ಮಾಡುವ ಕಂಪನಿಯ ಎರಕದ ಕೊಳವೆ ಈ ಹಳೆಯ ಗಾಡಿಗಳಿಗೆ ಈಗ ಸಿಗುವುದಿಲ್ಲ, ಸಿಕ್ಕರೂ ಕೂರುವುದಿಲ್ಲ. ಹಾಗಾಗಿ ಚಿಕ್ಕಬೀರಯ್ಯ ಒಂದೊಂದು ಗಾಡಿಗೂ ಅದರ ಅಳತೆ ನೋಡಿ ಮನೆಯಲ್ಲೇ ಮಾಡಿಕೊಡುತ್ತಾರೆ. ಕನಕಪುರ, ಮಾಗಡಿ ಕಡೆಯ ಡ್ರೈವರುಗಳಿಗೂ ಇದು 'ಬೀರಣ್ಣನ ಪೈಪು'.

ಪೈಪಿನ ಬಗ್ಗೆ ಇಷ್ಟು ಕಾಳಜಿ ಈ ಸೀಮೆಗೆ ಯಾಕೆ ಎಂಬುದು ಹೊರಗಿನವರಿಗೆ ತಕ್ಷಣ ತಿಳಿಯುವುದಿಲ್ಲ. ಕಳೆದ ಏಳೆಂಟು ವರ್ಷಗಳಲ್ಲಿ ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿವೆ. ಮನೆಮನೆಯಲ್ಲೂ ರೇಷ್ಮೆ ಹುಳ. ಎರಡನೇ ಜ್ವರ ಎದ್ದ, ಅಂದರೆ ಎರಡನೇ ಸಲ ಪೊರೆ ಕಳಚಿದ, ಮರಿಹುಳಗಳನ್ನು ಅವನ್ನು ಸಾಕಿ ಕೊಡುವ ಚಾಕಿ ಮನೆಗಳಿಂದ ತಟ್ಟೆಗಳಲ್ಲಿ ಜೋಡಿಸಿ ಜೀಪಿನಲ್ಲಿ ಊರೂರಿಗೆ ತಲುಪಿಸುತ್ತಾರೆ. ಗಾಡಿಯ ಎರಕದ ಕೊಳವೆ ಬಿರುಕುಬಿಟ್ಟಿದ್ದರೆ ಹೊಗೆ ಕೆಳಗಿನ ತಗಡಿನ ಸಂದಿಯಿಂದ ಮೇಲೆ ಬರುತ್ತದೆ. ಮನುಷ್ಯರು ಕೆಮ್ಮಿ ಸುಮ್ಮನಾಗುತ್ತಾರೆ. ಹುಳ ಸೊಪ್ಪು ಮುಟ್ಟುವುದನ್ನೇ ಬಿಟ್ಟುಬಿಡುತ್ತದೆ.

ಚಿಕ್ಕಬೀರಯ್ಯನವರಿಗೆ ಇದು ತಿಳಿದದ್ದು ಅವರ ಮನೆಯಲ್ಲೇ. ಮದುವೆಯಾದ ಹೊಸತರಲ್ಲಿ ಹೆಂಡತಿ ಮುನಿತಾಯಮ್ಮ ಮೊದಲ ಬಾರಿಗೆ ಹುಳ ತರಿಸಿದ್ದರು. ಹುಳ ಬಂದದ್ದು ಯಾರದೋ ಬಾಡಿಗೆ ಜೀಪಿನಲ್ಲಿ. ತಟ್ಟೆಗೆ ಎಷ್ಟು ಸೊಪ್ಪು ಹಾಕಿದರೂ ಹಾಕಿದ ಹಾಗೇ ಬಾಡಿತು. ಎರಡೇ ದಿನದಲ್ಲಿ ಎಲ್ಲವನ್ನೂ ಗುಂಡಿಗೆ ಸುರಿಯಬೇಕಾಯಿತು. ಆಗ ಚಿಕ್ಕಬೀರಯ್ಯ ಚನ್ನಪಟ್ಟಣದ ಪೀರ್ ಸಾಬ್ ಅವರ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದರು. ಕುರಿ ಕಾಯುತ್ತಿದ್ದ ಮನೆತನದಲ್ಲಿ ಸ್ಪ್ಯಾನರ್ ಹಿಡಿದ ಮೊದಲಿಗ. ಆ ಜೀಪು ಗ್ಯಾರೇಜಿಗೆ ಬಂದಾಗ ಅದರ ಅಡಿಗೆ ಮಲಗಿ ನೋಡಿದರಂತೆ. ಎರಕದಲ್ಲಿ ಬೆರಳು ತೂರುವಷ್ಟು ಬಿರುಕು. ಪೀರ್ ಸಾಬರ ಬಳಿ ಮರಳು ತುಂಬಿ ಬಗ್ಗಿಸುವ ವಿದ್ಯೆ ಇತ್ತು. ಕಲಿಸಿ ಎಂದು ಅವತ್ತೇ ಕೇಳಿದರು.

"ಸಾಬ್ರು ಬಾಯ್ಬುಟ್ಟು ಹೇಳ್ಕೊಡ್ತಿರ್ಲಿಲ್ಲ. ನೀನ್ ಬಗ್ಸು ಅನ್ನೋರು. ಬಗ್ಸಿದ್ನ ನೋಡಿ ನಗೋರು. ಆ ನಗು ನಿಂತ ದಿನ ನಂಗ್ ಕೆಲ್ಸ ಬಂತು ಅಂದ್ಕಂಡೆ," ಎನ್ನುತ್ತಾರೆ.

ಪೀರ್ ಸಾಬ್ ಈಗಿಲ್ಲ. ಗ್ಯಾರೇಜಿದ್ದ ಶೆಡ್ಡಿನಲ್ಲಿ ಈಗ ಗೂಡು ಬೇಯಿಸಿ ನೂಲು ತೆಗೆಯುತ್ತಾರೆ. ಸಾಬರು ಬಿಟ್ಟುಹೋದ ತಿದಿ, ಕಬ್ಬಿಣ ಬಡಿಯುವ ಅಡಿಗಲ್ಲು ಮತ್ತು ಗ್ಯಾಸ್ ವೆಲ್ಡಿಂಗಿನ ಸಾಮಾನು ಈ ಹಿತ್ತಿಲು ಸೇರಿವೆ. ತೊಡಕು ಶುರುವಾದದ್ದು ಆಮೇಲೆ. ಹಿತ್ತಿಲಲ್ಲಿ ಕುಲುಮೆ, ನಡುಮನೆಯಲ್ಲಿ ಹುಳ. ನಡುವೆ ಒಂದೇ ಗೋಡೆ. ಹುಳ ಮನೆಯಲ್ಲಿರುವಷ್ಟು ದಿನ ಇಲ್ಲಿ ಇದ್ದಿಲು ಹೊತ್ತಿಸುವಂತಿಲ್ಲ, ಕಾರ್ಬೈಡಿನ ವಾಸನೆ ಸುಳಿಯುವಂತಿಲ್ಲ, ಎಂಜಿನ್ ಚಾಲೂ ಮಾಡುವಂತಿಲ್ಲ. ಬೀಡಿ ಸೇದುವ ಗಿರಾಕಿಗಳು ಹುಣಸೆಮರದ ಆಚೆಯೇ ನಿಂತು ಕೂಗಬೇಕು. ಕುಲುಮೆಯನ್ನು ಹೊಲಕ್ಕೆ ಒಯ್ದು ಅಲ್ಲಿ ಬೆಂಕಿ ಹಾಕಿದರೆ ಸೊಪ್ಪಿಗೆ ಮಸಿ ಕೂರುತ್ತದೆ. ಆದ್ದರಿಂದ ಅಳತೆ ತೆಗೆಯುವುದು, ತಂತಿ ಬಗ್ಗಿಸಿ ಮಾದರಿ ಮಾಡಿಕೊಳ್ಳುವುದು, ಗರಗಸದಲ್ಲಿ ಕೊಯ್ಯುವುದು, ಅರ ಹಾಕುವುದು ಇವೆಲ್ಲ ಹುಳ ಇದ್ದಾಗ ನಡೆಯುತ್ತವೆ. ಬೆಂಕಿಯ ಕೆಲಸಕ್ಕೆ ಸಿಗುವುದು ಒಂದು ಬೆಳೆಯ ಗೂಡು ಹೊರಟು ಮುಂದಿನ ಹುಳ ಬರುವವರೆಗಿನ ಕೆಲವೇ ದಿನ. ರೇಷ್ಮೆಗೆ ಬೇಡಿಕೆ ಏರಿದ ಮೇಲೆ ಬೆಳೆಯ ಹಿಂದೆಯೇ ಬೆಳೆ. ಆ ಬಿಡುವು ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ.

ಹುಣಸೆಮರದ ಕೆಳಗೆ, ತೆಂಗಿನ ಗರಿ ಹೊದಿಸಿಕೊಂಡು, ಚಿಕ್ಕಬೀರಯ್ಯನವರದೇ ಜೀಪು ನಿಂತಿದೆ. ಗುಜರಿಗೆ ಬಂದಿದ್ದ ಗಾಡಿ. ಎಂಜಿನ್ ಬಿಚ್ಚಿ ಕಟ್ಟಿದ್ದಾರೆ, ಚಕ್ರ ಹುಡುಕಿ ತಂದಿದ್ದಾರೆ. ಎಲ್ಲ ಆಗಿದೆ, ಹೊಗೆಯ ಪೈಪೊಂದು ಬಿಟ್ಟು. ಊರಿನವರಿಗೆಲ್ಲ ಮಾಡಿಕೊಟ್ಟವರಿಗೆ ತಮ್ಮದಕ್ಕೆ ಮಾಡಿಕೊಳ್ಳಲು ಬಿಡುವೇ ಸಿಕ್ಕಿಲ್ಲ. ಪ್ರತಿ ಸಲ ಬೆಂಕಿ ಹೊತ್ತಿಸುವಾಗಲೂ ಯಾರದಾದರೂ ಗಾಡಿ ಬಾಗಿಲಲ್ಲಿ ನಿಂತಿರುತ್ತದೆ. ಹುಳ ಸಾಗಿಸುವ ಗಾಡಿಯನ್ನು ನಾಳೆ ಬಾ ಎನ್ನಲು ಅವರಿಗೆ ಬಾಯಿ ಬರುವುದಿಲ್ಲ. ಈ ಸಲ ಮಾತ್ರ ಗಟ್ಟಿ ಮನಸ್ಸು ಮಾಡಿ ಎಲ್ಲರಿಗೂ ಇಲ್ಲ ಎಂದಿದ್ದಾರೆ. ಮೂರು ಪೈಪು ಬಗ್ಗಿ, ಬೆಸುಗೆಯಾಗಿ, ಎಂಜಿನ್ನಿಗೆ ಕೂತಿವೆ. ನಾಲ್ಕನೆಯದು ಇವತ್ತು ಮುಗಿಯಬೇಕು. ಸಂಜೆಗೆ ಹೊಸ ಹುಳ ಬರುತ್ತವೆ.

ಇಷ್ಟು ಆತುರ ಜೀಪಿನ ಮೋಹಕ್ಕಲ್ಲ. ಮುನಿತಾಯಮ್ಮ ಇಷ್ಟು ವರ್ಷಗಳಿಂದ ಗೂಡು ಬೆಳೆದರೂ ರಾಮನಗರದ ಗೂಡು ಮಾರುಕಟ್ಟೆಯನ್ನು ಕಣ್ಣಿನಿಂದ ಕಂಡಿಲ್ಲ. ಗೂಡು ಮೂಟೆಯಾಗಿ ಗಂಡಸರ ಜೊತೆ ಹೊರಡುತ್ತದೆ, ಆಕೆ ಮನೆಯಲ್ಲಿ ಉಳಿಯುತ್ತಾರೆ. ಬಸ್ಸಿನಲ್ಲಿ ಹೋಗಿಬರಬಹುದಲ್ಲ ಎಂದು ಕೇಳಿದೆ. ಗೂಡು ಹೋದ ದಿನವೇ ಮನೆ ತೊಳೆಯದಿದ್ದರೆ ಮುಂದಿನ ಬೆಳೆಗೆ ರೋಗ ಅಂಟುತ್ತದೆ, ಬಸ್ಸು ಕಾಯುತ್ತ ಕುಳಿತರೆ ಸಂಜೆಯೇ ಆಗುತ್ತದೆ ಎಂದರು. ಆಮೇಲೆ ತಾವಾಗಿಯೇ ಮಾತು ಮುಂದುವರಿಸಿದರು.

"ತೊಟ್ಟೀಲಿ ಸುರೀತಾರಂತೆ. ಕೊಳ್ಳೋರು ಬಂದು ಕೈಯಾಕಿ ನೋಡ್ತಾರಂತೆ. ನಾನ್ ಸಾಕಿದ್ದು ಅಲ್ಲಿ ಹೆಂಗ್ ಕಾಣ್ತದೆ ಅಂತ ಒಂದ್ಸಲ ನೋಡ್ಬೇಕು, ಅಷ್ಟೆಯ."

ಜೀಪು ಓಡಿದರೆ ಇಬ್ಬರೂ ಬೆಳಗಿಗೆ ಮುಂಚೆ ಹೊರಟು, ದೊಡ್ಡಮಳೂರಿನ ದೇವರಿಗೂ ಕೈಮುಗಿದು, ಹೊತ್ತು ನೆತ್ತಿಗೆ ಬರುವುದರೊಳಗೆ ಮನೆ ಸೇರಬಹುದು. ಅಷ್ಟೇ ಅವರ ಲೆಕ್ಕಾಚಾರ.

ಹುರಿದ ಮರಳನ್ನು ಗೋಣಿಚೀಲದ ಮೇಲೆ ಹರವಿ, ಪೈಪಿನ ಬಾಯಿ ಅರ ಹಾಕಲು ಚಿಕ್ಕಬೀರಯ್ಯ ಜೀಪಿನ ಬಳಿಗೆ ಹೋಗುತ್ತಾರೆ. ಇತ್ತ ಮುನಿತಾಯಮ್ಮ ಬ್ಲೀಚಿಂಗ್ ಪುಡಿಯ ನೀರು ತುಂಬಿದ ಡಬ್ಬ ಬೆನ್ನಿಗೇರಿಸಿ ಔಷಧಿ ಹೊಡೆಯಲು ತೊಡಗುತ್ತಾರೆ. ಹೊಸ ಹುಳ ಬರುವ ಮೊದಲು ಗೋಡೆ, ಜಂತೆ, ತಟ್ಟೆ, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆ, ಹಿತ್ತಿಲು, ಎಲ್ಲಕ್ಕೂ ಹೊಡೆಯಬೇಕು. ಈ ಕೆಲಸದಲ್ಲಿ ಅವರು ಯಾವುದನ್ನೂ ಬಿಡುವವರಲ್ಲ. ಹೋದ ವರ್ಷ ಜಗಲಿಯಲ್ಲಿ ಬಿಟ್ಟಿದ್ದ ನೆಂಟರ ಚಪ್ಪಲಿಗೂ ಹೊಡೆದಿದ್ದರು, ನೆಂಟರು ಒದ್ದೆ ಕಾಲಲ್ಲೇ ಊರಿಗೆ ಹೋದರು ಎಂದು ಗಂಡ ಜೀಪಿನ ಅಡಿಯಿಂದಲೇ ಕೂಗಿ ಹೇಳುತ್ತಾರೆ. ಆಕೆ ತಿರುಗಿಯೂ ನೋಡದೆ, ನೆಂಟರ ಮನೆಯ ಹುಳಕ್ಕೆ ರೋಗ ಬಂದಿತ್ತು, ಹೊಡೆದದ್ದೇ ಸರಿ ಎನ್ನುತ್ತಾರೆ.

ಬಿಸಿಲು ಬಲಿತ ಮೇಲೆ ಚಿಕ್ಕಬೀರಯ್ಯ ಮರಳನ್ನು ಮೊಗೆಮೊಗೆದು ಪೈಪಿಗೆ ತುಂಬುತ್ತಾರೆ, ಕೋಲಿನಿಂದ ಗಿಡಿಯುತ್ತಾರೆ. ಬಿರಡೆ ಜಡಿದು ಇದ್ದಿಲಿನ ಮೇಲಿಟ್ಟು ತಿದಿ ಒತ್ತುತ್ತಾರೆ. ಪೈಪು ಮೊದಲು ನೀಲಿಯಾಗಿ, ಆಮೇಲೆ ಕೆಂಪೇರತೊಡಗುತ್ತದೆ. ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ತೂತಿಗೆ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಾರೆ. ಪೈಪು ಹೇಳಿದ ಮಾತು ಕೇಳುವಂತೆ ತಿರುಗುತ್ತದೆ. ಇನ್ನು ಅರ್ಧದಷ್ಟು ತಿರುಗಬೇಕು, ಅಷ್ಟರಲ್ಲಿ ಪಟಾಕಿಯಂಥ ಸದ್ದು. ಬಿರಡೆ ಬಾವಿಕಟ್ಟೆಗೆ ಬಡಿದು ಚೂರಾಗುತ್ತದೆ. ಬಿಳಿಯ ಹಬೆ. ಬಿಸಿ ಮರಳು ನೆಲಕ್ಕೆ ಸುರಿಯುತ್ತದೆ. ಯಾರಿಗೂ ತಾಕಲಿಲ್ಲ. ಆದರೆ ಬಾಗಿದಲ್ಲಿ ಪೈಪಿನ ಹೊರಮೈ ಉದ್ದಕ್ಕೂ ಬಾಯಿಬಿಟ್ಟಿದೆ, ಒಳಮೈ ಮಡಚಿಕೊಂಡಿದೆ.

ಚಿಕ್ಕಬೀರಯ್ಯ ಗೋಣಿಚೀಲದ ಬಳಿಗೆ ಹೋಗಿ ಉಳಿದ ಮರಳಿಗೆ ಕೈ ಹಾಕಿದರು. ಮೇಲ್ಪದರ ಬಿಸಿಲಿಗೆ ಒಣಗಿ ಪುಡಿಪುಡಿಯಾಗಿತ್ತು. ಒಳಗಿನದು ಮುಷ್ಟಿಯಲ್ಲಿ ಉಂಡೆ ಕಟ್ಟಿತು. ಮೂಗಿನ ಹತ್ತಿರ ಹಿಡಿದು ನೋಡಿದರು.

"ಅಮ್ಮಿ, ಈ ಚೀಲ್ದ ಮ್ಯಾಲೂ ಹೊಡ್ದಾ?"

ಮುನಿತಾಯಮ್ಮ ಬಾಗಿಲಲ್ಲೇ ನಿಂತಿದ್ದರು. ಡಬ್ಬ ಇನ್ನೂ ಬೆನ್ನಿನ ಮೇಲೆ ಇತ್ತು. "ಹಿತ್ಲಿಗೆಲ್ಲ ಹೊಡ್ದೆ. ಅದೊಂದ್ ಬುಡು ಅಂತ ನಂಗ್ಯಾರು ಹೇಳಿದ್ರು," ಎಂದರು. ಅವರು ಸೀಳಿದ ಪೈಪನ್ನೇ ನೋಡುತ್ತಿದ್ದರು.

ಚಿಕ್ಕಬೀರಯ್ಯ ಮರಳಿನ ಉಂಡೆಯನ್ನು ಕೆಳಗಿಟ್ಟು ಅಂಗೈ ಒರೆಸಿಕೊಂಡರು. "ಹೊಡೀದೆ ಹೋಗಿದ್ರೆ ನೀನ್ ತಾಯಮ್ಮನೇ ಅಲ್ಲ ಬುಡು," ಎಂದರು. ಮುನಿತಾಯಮ್ಮ ನಗಲಿಲ್ಲ. ಒಳಗೆ ಹೋಗಿ ಡಬ್ಬ ಇಳಿಸಿದ ಸದ್ದು ಕೇಳಿತು.

ಅದೇ ಅಳತೆಯ ಇನ್ನೊಂದು ತುಂಡು ಮನೆಯಲ್ಲಿಲ್ಲ. ಚನ್ನಪಟ್ಟಣದ ಗುಜರಿಯಲ್ಲಿ ಹುಡುಕಬೇಕು, ಸಿಕ್ಕರೆ ತಂದು ಮತ್ತೆ ಮರಳು ಹುರಿಯಬೇಕು. ಅಷ್ಟು ಹೊತ್ತಿಲ್ಲ. ಒಂದು ರಾತ್ರಿ ಹುಳವನ್ನು ಬೇರೆಯವರ ಮನೆಯಲ್ಲಿ ಇಡಬಹುದೇ ಎಂದು ನಾನು ಮೆಲ್ಲಗೆ ಕೇಳಿದೆ. ಗಂಡ ಹೆಂಡತಿ ಒಟ್ಟಿಗೇ ತಲೆಯಾಡಿಸಿದರು. ಜ್ವರ ಎದ್ದ ಹುಳ ಹಸಿದಿರುತ್ತದೆ, ಮನೆ ಬದಲಾಯಿಸುವ ವಯಸ್ಸಲ್ಲ ಅದು. ಚಿಕ್ಕಬೀರಯ್ಯ ಇದ್ದಿಲಿಗೆ ನೀರು ಸುರಿದು, ಬೂದಿ ಬಳಿದು ಗುಂಡಿಗೆ ಹಾಕಿ, ಹೊಗೆ ಕುಡಿದ ಅಂಗಿ ಬಿಚ್ಚಿ ಬಾವಿಯ ಬಳಿ ಸೋಪು ಹಚ್ಚಿಕೊಂಡು ಮಿಂದರು. ಹಾಗೆ ಮೀಯದೆ ಅವರು ನಡುಮನೆಗೆ ಕಾಲಿಡುವುದಿಲ್ಲ.

ಹೊತ್ತು ಇಳಿಯುವಾಗ ಹುಳದ ಜೀಪು ಬಂತು. ಓಡಿಸುವವರು ಹಬೀಬ್, ಚನ್ನಪಟ್ಟಣದವರು. ಅವರ ಗಾಡಿಗೂ ಬೀರಣ್ಣನ ಪೈಪೇ. ಈ ಮನೆಯ ಕಟ್ಟಳೆ ಗೊತ್ತಿರುವುದರಿಂದ ಹುಣಸೆಮರಕ್ಕಿಂತ ಎಷ್ಟೋ ಮೊದಲೇ ಎಂಜಿನ್ ಆರಿಸಿ, ತಟ್ಟೆಗಳನ್ನು ಕೈಯಲ್ಲೇ ಹೊತ್ತು ತಂದರು. ಗರಿ ಸರಿಸಿದ ಜೀಪಿನತ್ತ ಕಣ್ಣು ಹಾಯಿಸಿ, "ಏನಣ್ಣ, ನಿನ್ ಮದ್ಲಿಂಗ ಇನ್ನೂ ಎದ್ದೇ ಇಲ್ವಾ?" ಎಂದು ಕಿಚಾಯಿಸಿದರು. ವಿಷಯ ತಿಳಿದ ಮೇಲೆ, ಕೊನೆಯ ತಟ್ಟೆ ಇಳಿಸುವಾಗ ಮುನಿತಾಯಮ್ಮನವರತ್ತ ತಿರುಗಿದರು.

"ಅಕ್ಕ, ಈ ಬೆಳೆ ಗೂಡಿನ ಜೊತೆ ನೀನೂ ನನ್ ಗಾಡೀಲೇ ಬಂದ್ಬುಡು. ಮುಂದಿನ ಸೀಟು ಬುಟ್ಕೊಡ್ತೀನಿ. ಹೊತ್ತೇರೋಕ್ ಮುಂಚೆ ವಾಪಸ್ ತಂದು ಬುಡ್ತೀನಿ."

ಬಹಳ ದಿನಗಳಿಂದ ಕಾದದ್ದು ಅಂಗಳಕ್ಕೇ ಬಂದು ನಿಂತಂತಿತ್ತು. ಮುನಿತಾಯಮ್ಮ ತಟ್ಟೆಯ ಮೇಲಿನ ಬಟ್ಟೆ ಸರಿಸಿ ಹುಳ ನೋಡಿದರು, ಮತ್ತೆ ಮುಚ್ಚಿದರು.

"ಬ್ಯಾಡ ಕಣಪ್ಪ. ಬ್ಯಾರೇರ ಗಾಡೀಲಿ ಹೋಗಂಗಿದ್ರೆ ನಾನು ಯಾವತ್ತೋ ನೋಡ್ಕಂಡ್ ಬಂದ್ಬುಡ್ತಿದ್ದೆ."

ಬಸ್ಸು, ಮನೆ ತೊಳೆಯುವುದು, ರೋಗ ಎಂದು ಬೆಳಿಗ್ಗೆ ಹೇಳಿದ್ದ ಕಾರಣಗಳಲ್ಲಿ ಒಂದನ್ನೂ ಅವರು ಈಗ ಹೇಳಲಿಲ್ಲ. ಹಬೀಬ್ ಮತ್ತೆ ಒತ್ತಾಯ ಮಾಡಲಿಲ್ಲ.

ನಡುಮನೆಯಲ್ಲಿ ಗಂಡ ಹೆಂಡತಿ ಎದುರುಬದುರು ಕುಳಿತು ಎಳೆಸೊಪ್ಪು ಹೆಚ್ಚುತ್ತಿದ್ದಾರೆ. ಹೆಚ್ಚಿದ್ದನ್ನು ಆಕೆ ತಟ್ಟೆಗಳ ಮೇಲೆ ತೆಳುವಾಗಿ ಉದುರಿಸುತ್ತಾರೆ. ಸ್ವಲ್ಪ ಹೊತ್ತಿಗೆ ಹುಳಗಳು ತಲೆಯೆತ್ತಿ ಸೊಪ್ಪಿನ ಅಂಚಿಗೆ ಬಾಯಿ ಹಾಕುತ್ತವೆ. ಈ ಬೆಳೆ ಮುಗಿಯುವವರೆಗೆ ಹಿತ್ತಿಲಲ್ಲಿ ಬೆಂಕಿಯಿಲ್ಲ. ಮುಂದಿನ ಬಿಡುವಿನಲ್ಲಿ ಯಾರ ಗಾಡಿ ಬಾಗಿಲಿಗೆ ಬಂದು ನಿಲ್ಲುತ್ತದೋ ಯಾರಿಗೂ ಗೊತ್ತಿಲ್ಲ. ಹೊರಡುವ ಮುನ್ನ, ಮುಂದೇನು ಮಾಡುತ್ತೀರಿ ಎಂದು ಚಿಕ್ಕಬೀರಯ್ಯನವರನ್ನು ಕೇಳಿದೆ.

ಅವರು ಕುಡುಗೋಲಿನಿಂದ ಕಣ್ಣು ತೆಗೆಯಲಿಲ್ಲ.

"ಮೂರು ನೆಟ್ಟಗೆ ಕುಂತವೆ ಮೇಡಮ್ಮೋರೆ. ಉಳಿದಿರೋದು ಒಂದೆಯ."