ಹೊಟ್ಟೆ ಬಿಟ್ಟ ಗೋಡೆ

ನನ್ನ ಗಂಡ ವನಗೂರು ಕಡೆಯ ಎಸ್ಟೇಟುಗಳಲ್ಲಿ ರೈಟರ್ ಆಗಿದ್ದವರು. ಆಳುಗಳ ಹಾಜರಿ, ಕಾಫಿಯ ತೂಕ ಬರೆಯುವ ಕೆಲಸ. ಕೆಲಸ ಇರುವಷ್ಟು ದಿನ ಎಸ್ಟೇಟಿನ ಮನೆ. ಕೆಲಸ ಬಿಟ್ಟ ದಿನವೇ "ಖಾಲಿ ಮಾಡಿ." ಹಾಗೆ ಹೇಳಿಸಿಕೊಂಡು ಮತ್ತೆ ಮತ್ತೆ ಪಾತ್ರೆಪಗಡ ಜೀಪಿಗೆ ತುಂಬಿದವಳು ನಾನು. ಆ ಮಾತು ಕೇಳಿದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ತೊಂಬತ್ತರ ದಶಕದ ಕೊನೆಯಲ್ಲಿ ಇವರ ಕಣ್ಣು ಮಂಜಾಗಿ ಕೆಲಸ ಬಿಡಬೇಕಾಯಿತು. ಆಗ ದೋಣಿಗಲ್ ಹತ್ತಿರ, ಹೆದ್ದಾರಿಯ ಮಗ್ಗುಲಲ್ಲೇ ಒಂದು ಹೆಂಚಿನ ಮನೆ ಕೊಂಡೆವು. ರಸ್ತೆ ಕಡೆಯ ಗೋಡೆ ಹೊರಕ್ಕೆ ಉಬ್ಬಿ ಹೊಟ್ಟೆ ಬಿಟ್ಟಿತ್ತು. ಗೊತ್ತಿದ್ದೇ ಕೊಂಡೆವು. ಗೋಡೆ ನೆಟ್ಟಗಿದ್ದಿದ್ದರೆ ಆ ಮನೆ ನಮ್ಮಂಥವರ ಕೈಗೆ ಎಲ್ಲಿ ಸಿಗುತ್ತಿತ್ತು?

"ವಿಮೆ ಮಾಡ್ಸಿದ್ರಾಯ್ತು ಕಣೇ, ಬಿದ್ರೆ ಅವ್ರೇ ದುಡ್ಡು ಕೊಡ್ತಾರೆ," ಅಂದರು ಇವರು. "ಇನ್ಮೇಲೆ ನಿಂಗೆ ಖಾಲಿ ಮಾಡು ಅನ್ನೋರು ಯಾರೂ ಇಲ್ಲ."

ನಂಬಿದೆ. ಅಂಗಳದಲ್ಲಿ ದಾಸವಾಳದ ಕಡ್ಡಿ ನೆಟ್ಟೆ. ಎಸ್ಟೇಟ್ ಮನೆಗಳಲ್ಲಿ ನಾನು ಒಂದು ಗಿಡವನ್ನೂ ನೆಟ್ಟವಳಲ್ಲ. ಯಾರೋ ಮುಡಿಯುವ ಹೂವಿಗೆ ನಾನ್ಯಾಕೆ ನೀರು ಹೊರಲಿ?

ವಿಮೆ ಕಂಪನಿಯವರೊಬ್ಬರು ನೋಡಲು ಬಂದರು. ಗೋಡೆಯ ಮೇಲೆ ಅಂಗೈ ಇಟ್ಟರು. ಅದೇ ಹೊತ್ತಿಗೆ ಲಾರಿಯೊಂದು ಘಾಟಿ ಹತ್ತಿ ಬಂತು. ಥಟ್ಟನೆ ಕೈ ತೆಗೆದರು.

"ಅಮ್ಮಾ, ಇದು ಬೀಳುತ್ತೆ ಅಂತ ನೋಡಿದ್ರೇ ಗೊತ್ತಾಗುತ್ತೆ. ಗೊತ್ತಿರೋದಕ್ಕೆ ವಿಮೆ ಕೊಡೋಕಾಗಲ್ಲ."

"ಮತ್ಯಾವ್ದಕ್ಕೆ ಕೊಡ್ತೀರಾ? ಬೀಳ್ದೇ ಇರೋ ಗೋಡೆಗಾ?" ನನಗೆ ಸಿಟ್ಟು ನೆತ್ತಿಗೇರಿತ್ತು.

"ಸುಮ್ಕಿರೇ ಮಾರಾಯ್ತಿ," ಎಂದು ಇವರು ಗದರಿದರು. ಅವರತ್ತ ತಿರುಗಿ, "ಆ ಗೋಡೆ ಬುಟ್ಟು ಮಿಕ್ಕಿದ್ದಕ್ಕಾದ್ರೂ ಮಾಡ್ಕೊಡಿ ಸಾರ್," ಎಂದರು.

"ಸೂರೆಲ್ಲ ಇದರ ಮೇಲೇ ಕೂತಿದೆಯಲ್ಲ ಸಾರ್. ಮೊದ್ಲು ಕೆಡವಿ ಕಟ್ಟಿಸಿ. ಆಮೇಲೆ ಬರ್ತೀನಿ."

ಕಾಫಿ ಕುಡಿದು ಹೊರಟುಹೋದರು. ಒಳ್ಳೆಯ ಮನುಷ್ಯ, ಬೈಯಲೂ ಆಗಲಿಲ್ಲ.

ಕಟ್ಟಿಸಲು ನಮ್ಮ ಹತ್ತಿರ ಏನಿತ್ತು? ಇದ್ದಬದ್ದದ್ದೆಲ್ಲ ಆ ಮನೆಗೇ ಸುರಿದಾಗಿತ್ತು. ಹಾಸಿಗೆಯನ್ನು ಅಡುಗೆಮನೆಗೆ ಎಳೆದುಕೊಂಡೆವು. ಲಾರಿ ಹೋದಾಗಲೆಲ್ಲ ಆಚೆ ಕೋಣೆಯಲ್ಲಿ ಮಣ್ಣು ಉದುರುವುದು ಕೇಳುತ್ತಿತ್ತು. ಮುಂಗಾರಿನ ಮೋಡ ಕಟ್ಟಿದ ಒಂದು ಬೆಳಗ್ಗೆ ಇವರು ಆ ಗೋಡೆಯ ಮುಂದೆ ತುಂಬಾ ಹೊತ್ತು ನಿಂತಿದ್ದು ಒಳಗೆ ಬಂದರು. ನನ್ನ ಮುಖ ನೋಡಲಿಲ್ಲ.

"ಮಳೆ ಹಿಡಿಯೋಕ್ಮುಂಚೆ ಖಾಲಿ ಮಾಡಣ ಕಣೇ."

ಜಗಳ ಆಡಲು ನನ್ನಲ್ಲಿ ತ್ರಾಣ ಇರಲಿಲ್ಲ. ಪಾಳ್ಯದ ನಮ್ಮಕ್ಕನ ಮನೆಯ ಹಿಂದಿನ ಕೋಣೆಗೆ ಹೋಗುವುದೆಂದಾಯಿತು. ಪಾತ್ರೆಗಳನ್ನು ಮೂಟೆ ಕಟ್ಟಿದೆ. ಜೀಪು ಬಂದು ನಿಂತಾಗ ಅಂಗಳಕ್ಕೆ ಹೋಗಿ ದಾಸವಾಳದ ಕಡ್ಡಿಯನ್ನು ಎಳೆದು ಕಿತ್ತೆ. ಬೇರು ಬಿಟ್ಟಿತ್ತು, ಹಾಳಾದ್ದು.