ರೆಪ್ಪೆ ಬಡಿಯಬಾರದು

ಮಕ್ಕಳ ಆಧಾರ್ ಮಾಡಿಸಲು ತಾಯಿಯ ಬೆರಳಚ್ಚು ಬೇಕಂತೆ. ಸಾಗರದ ಕೇಂದ್ರದಲ್ಲಿ ಎಷ್ಟು ಒತ್ತಿದರೂ ನನ್ನದು ಮೂಡಲಿಲ್ಲ. ವರ್ಷಗಟ್ಟಲೆ ಅಡಿಕೆ ಸುಲಿದು ಬೆರಳಿನ ಗೆರೆಗಳೇ ಸವೆದಿದ್ದವು.

"ಹಂಗಾದ್ರೆ ಕಣ್ಣು ತೋರ್ಸಿ ಅಕ್ಕಾ. ರೆಪ್ಪೆ ಬಡೀಬಾರ್ದು, ತಿರುಗ್ಬಾರ್ದು" ಎಂದಳು ಯಂತ್ರದ ಹುಡುಗಿ.

ಬೆನ್ನ ಹಿಂದೆ ನನ್ನ ನಾಲ್ಕು ವರ್ಷದ ಅವಳಿ ಗಂಡುಮಕ್ಕಳು ಕುರ್ಚಿಯಿಂದ ಕುರ್ಚಿಗೆ ಹಾರುತ್ತಿದ್ದರು. ಬಾಗಿಲಾಚೆಯೇ ಬಸ್ಸು ಓಡಾಡುವ ರಸ್ತೆ. ಸಾಲಿನಲ್ಲಿದ್ದ ಅಜ್ಜಿಯೊಬ್ಬರು, "ನಾ ಹಿಡ್ಕಳ್ಲಾ ತಂಗಿ?" ಎಂದರು.

"ಬೇಡ. ನನ್ನ ಮಕ್ಕಳನ್ನ ನೋಡ್ಕಳದು ನಂಗೊತ್ತು."

ಇಬ್ಬರನ್ನೂ ಯಾರ ಹಂಗಿಲ್ಲದೆ ಸಾಕಿದವಳು ನಾನು. ಯಂತ್ರಕ್ಕೆ ಕಣ್ಣಿಟ್ಟೆ. ಹಿಂದೆ ಗಲಾಟೆ ಕೇಳುತ್ತಿದ್ದಷ್ಟು ಹೊತ್ತು ಧೈರ್ಯವಿತ್ತು. ತಟ್ಟನೆ ಸದ್ದು ನಿಂತಿತು. ತಿರುಗಿಬಿಟ್ಟೆ.

"ಅಯ್ಯೋ, ಹೋಯ್ತಲ್ಲ ಅಕ್ಕಾ!" ಎಂದಳು ಯಂತ್ರದ ಹುಡುಗಿ.

ಒಬ್ಬ ಹೊಸ್ತಿಲು ದಾಟಿಯಾಗಿತ್ತು, ಇನ್ನೊಬ್ಬ ಅವನ ಹಿಂದೆಯೇ ಇದ್ದ. ಅಜ್ಜಿ ಎರಡೂ ಕೈಯಲ್ಲಿ ಇಬ್ಬರ ಅಂಗಿ ಹಿಡಿದು ನಿಂತಿದ್ದರು.

"ಈಗಾದ್ರೂ ಹಿಡ್ಕಳ್ಲಾ?"

"ಹಿಡ್ಕಳಿ" ಎಂದು ಮತ್ತೆ ಯಂತ್ರಕ್ಕೆ ಕಣ್ಣಿಟ್ಟೆ.

ಎರಡನೆಯ ಸಲಕ್ಕೆ ಯಂತ್ರ ನನ್ನ ಗುರುತು ಹಿಡಿಯಿತು. ಎದ್ದು ಹೋಗಿ "ಬನ್ರೋ" ಎಂದರೆ, ಅಜ್ಜಿಯ ಮಡಿಲಲ್ಲಿ ತಣ್ಣಗೆ ಕೂತಿದ್ದ ಅವಳಿಗಳು, ಇವಳು ಯಾರೋ ಎಂಬಂತೆ ನನ್ನನ್ನು ನೋಡಿದರು.