ಹೊಳೆಯಿಂದ ಬಂದ ಹೈಡ್ರಾ

ಸಮುದ್ರವನ್ನೇ ಕಾಣದವಳು ಸಮುದ್ರದ ಪ್ರಾಣಿಗಳ ಪಾಠ ಮಾಡುವುದಕ್ಕೆ ಗಟ್ಟಿ ಎದೆ ಬೇಕು. ಎಪ್ಪತ್ತರ ದಶಕದಲ್ಲಿ ಬನಹಟ್ಟಿಯ ಕಾಲೇಜಿನಲ್ಲಿ ನಾನು ಅದನ್ನು ವರ್ಷಗಟ್ಟಲೆ ಮಾಡಿದೆ. ಬೀಳಗಿಯವಳು ನಾನು, ಕೃಷ್ಣೆಗಿಂತ ದೊಡ್ಡ ನೀರು ನೋಡಿದವಳಲ್ಲ. ಪ್ರಯೋಗಾಲಯದ ಕಪಾಟಿನಲ್ಲಿ ಎರಡು ಗಾಜಿನ ಭರಣಿಗಳಿದ್ದವು. ಒಂದರಲ್ಲಿ ಸ್ಪಂಜು, ಇನ್ನೊಂದರಲ್ಲಿ ಅಂಬಲಿ ಮೀನು, ಅಂದರೆ ಜೆಲ್ಲಿಫಿಶ್. ಫಾರ್ಮಲಿನ್‌ನಲ್ಲಿ ಕುಳಿತು ಕುಳಿತು ಎರಡೂ ಹಳೇ ಸುಣ್ಣದ ಗೋಡೆಯ ಬಣ್ಣಕ್ಕೆ ತಿರುಗಿದ್ದವು.

ಸ್ಪಂಜಿಗೆ ಬಾಯಿಲ್ಲ, ಹೊಟ್ಟೆಯಿಲ್ಲ, ನರಗಳಿಲ್ಲ, ಆದರೂ ಅದು ಪ್ರಾಣಿ ಎಂದು ಹೇಳುತ್ತಿದ್ದೆ. ಮೈತುಂಬ ಇರುವ ಸಣ್ಣ ತೂತುಗಳಿಂದ ನೀರನ್ನು ಒಳಗೆಳೆದು, ಅದರಲ್ಲಿನ ಆಹಾರ ಸೋಸಿಕೊಂಡು, ಮೇಲಿನ ದೊಡ್ಡ ತೂತಿನಿಂದ ಹೊರಗೆ ಬಿಡುತ್ತದೆ. ಅಂಬಲಿ ಮೀನು ಹೆಸರಿಗಷ್ಟೇ ಮೀನು. ಅದಕ್ಕೆ ಮಿದುಳಿಲ್ಲ, ಹೃದಯವಿಲ್ಲ. ತಿನ್ನುವುದಕ್ಕೂ ಹೊರಹಾಕುವುದಕ್ಕೂ ಒಂದೇ ದ್ವಾರ. ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಮೇಡಂ, ಇದು ಸತ್ತು ಭಾಳ ದಿನಾ ಆಗಿರಬೇಕ್ರಿ. ತಿಥಿ ಮಾಡೂಣೇನ್ರಿ?" ಅಂದ. ಇಡೀ ತರಗತಿ ಘೊಳ್ಳೆಂದಿತು.

"ಕುಂದರಲೇ ಶಾಣ್ಯಾ, ಇಲ್ಲಂದ್ರ ನಿನ್ನೂ ಒಂದು ಭರಣ್ಯಾಗ ಹಾಕಿ ಇಡತೇನಿ" ಎಂದು ಗದರಿದೆ. ಆದರೆ ಅವನು ಅಂದದ್ದು ಖರೆಯೇ. ಸತ್ತದ್ದನ್ನು ತೋರಿಸಿ ತೋರಿಸಿ ನನಗೂ ಬೇಸತ್ತಿತ್ತು. ಒಂದೇ ಒಂದು ಸಲ ಜೀವಂತದ್ದನ್ನು ತೋರಿಸಬೇಕೆಂಬ ಹಟ ಹಿಡಿಯಿತು. ಅಂಬಲಿ ಮೀನಿನ ದಾಯಾದಿ ಹೈಡ್ರಾ ಸಿಹಿನೀರಿನಲ್ಲೇ ಇರುತ್ತದೆ. ಚಳಿಗಾಲದ ಒಂದು ರವಿವಾರ ಹೊಳೆಗೆ ಹೋಗಿ, ನೀರಿನ ಜೊಂಡನ್ನು ಡಬ್ಬಿಯಲ್ಲಿ ತುಂಬಿಕೊಂಡು ಬಂದೆ.

ಆಗ ನಾನಿದ್ದದ್ದು ಪಕ್ಕದ ರಬಕವಿಯ ಒಂದು ಜೈನರ ಮನೆಯ ಹಿಂದಿನ ಖೋಲಿಯಲ್ಲಿ. ಮುಂದಿನ ಪಾಲಿನಲ್ಲಿ ಮನೆಯೊಡತಿ ಇದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಓಣಿಯವರೆಲ್ಲ ಆಯಿ ಅನ್ನುತ್ತಿದ್ದರು, ನಾನೂ ಅಂದೆ. ನಮ್ಮ ಮಾತುಕತೆ "ಊಟ ಆತೇನ್ರಿ?" "ಆತ್ರಿ" ಎಂಬಲ್ಲಿಗೆ ಮುಗಿಯುತ್ತಿತ್ತು. ಸಂಜೆ ಕಾಲೇಜಿನಿಂದ ಬಂದು ಬಾಗಿಲು ಹಾಕಿಕೊಂಡರೆ ಮರುದಿನದವರೆಗೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಓಣಿಯ ಮಗ್ಗಗಳ ಖಟಖಟವೇ ಸಂಗಾತಿ. ಒಬ್ಬಳೇ ಇರುವುದು ಅಭ್ಯಾಸವಾಗುತ್ತದೆ ಅನ್ನುತ್ತಾರಲ್ಲ, ಶುದ್ಧ ಸುಳ್ಳು.

ಜೊಂಡನ್ನು ಗಾಜಿನ ಪಾತ್ರೆಯಲ್ಲಿ ಹಾಕಿ ಕಿಟಕಿಯಲ್ಲಿಟ್ಟೆ. ಮರುದಿನ ನೋಡಿದರೆ ಗಾಜಿಗೆ ಅಂಟಿಕೊಂಡು ಒಂದು ಎಳೆ! ಜೋಳದ ಕಾಳಿನಷ್ಟು ಉದ್ದ, ತುದಿಯಲ್ಲಿ ಕೂದಲಿನಂಥ ಕೈಗಳು. ಮುಟ್ಟಿದರೆ ಮುದುಡಿ ಚುಕ್ಕೆಯಾಗುತ್ತಿತ್ತು, ಬಿಟ್ಟರೆ ನಿಧಾನ ಚಾಚಿಕೊಳ್ಳುತ್ತಿತ್ತು. ನಾನು ಖೋಲಿಯಲ್ಲಿ ಒಬ್ಬಳೇ ಚಪ್ಪಾಳೆ ಹೊಡೆದೆ.

ಅವತ್ತಿನಿಂದ ಅದರ ಕೂಡ ಮಾತಿಗಿಳಿದೆ. ಕಾಲೇಜಿನ ಸುದ್ದಿ, ಹುಡುಗರ ಉಡಾಳತನ, ಬೀಳಗಿಯಲ್ಲಿ ಅವ್ವ ಹುಡುಕುತ್ತಿದ್ದ ವರಗಳ ಚಾಷ್ಟಿ-ತಮಾಷೆ, ಎಲ್ಲವನ್ನೂ ಹೇಳಿದೆ. ಕೆಲವೇ ದಿನಗಳಲ್ಲಿ ಅದರ ಪಕ್ಕೆಯಲ್ಲಿ ಒಂದು ಮೊಗ್ಗು ಮೂಡಿತು. ಹೈಡ್ರಾಕ್ಕೆ ಜೋಡಿ ಬೇಕೇಬೇಕೆಂದಿಲ್ಲ, ಮೈಯಿಂದಲೇ ಮರಿ ಚಿಗುರಿ, ಬೆಳೆದ ಮೇಲೆ ಕಳಚಿಕೊಳ್ಳುತ್ತದೆ. "ನಿಂದ ಛಲೋ ಐತಿ ಬಿಡವ್ವಾ, ಕನ್ಯಾ ತೋರಸೂ ಕಾಟ ಇಲ್ಲ" ಎಂದು ಗಟ್ಟಿಯಾಗಿ ನಕ್ಕೆ.

ಒಂದು ಮುಂಜಾನೆ ಆಯಿ ಬಾಗಿಲಲ್ಲಿ ನಿಂತು, "ಅದಕ್ಕ ಏನ ಹಾಕತೀರಿ ಬಾಯಾರ?" ಅಂದರು. ನಾನು ಹುರುಪಿನಿಂದ ಒಳಗೆ ಕರೆದು ತೋರಿಸಿದೆ. ನೀರಿನಲ್ಲಿದ್ದ ಒಂದು ಸಣ್ಣ ಹುಳ ಆ ಕೈಗಳಿಗೆ ತಾಗಿ ಸೆಟೆದುಕೊಂಡಿತು, ಹೈಡ್ರಾ ಅದನ್ನು ನುಂಗಿತು. ಆಯಿ ಕಣ್ಣು ಮುಚ್ಚಿಕೊಂಡರು. ದಿನಾಲೂ ಬಾವಿಯ ನೀರನ್ನು ಇಮ್ಮಡಿ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ತಿರುಗಿ ಅದೇ ಬಾವಿಗೆ ಮೆಲ್ಲಗೆ ಇಳಿಸಿ ಬಿಡುವ ಹೆಂಗಸು ಅವರು.

"ಈ ಮನ್ಯಾಗ ಇದು ಬ್ಯಾಡ್ರಿ" ಅಂದರು.

"ಸೋಮವಾರ ಕ್ಲಾಸಿಗೆ ಒಯ್ಯತೇನ್ರಿ. ಅಲ್ಲೀತನಾ ಇರಲಿ. ಪಾಪ, ಹೊಳೀಂದ ತಂದೇನಿ." ಆಯಿ ಪಾತ್ರೆಯತ್ತ ಮತ್ತೆ ನೋಡದೆ ಹೊರಗೆ ನಡೆದರು.

ಶನಿವಾರ ಅವ್ವ ಹೇಳಿಕಳಿಸಿದ್ದರಿಂದ ಬೀಳಗಿಗೆ ಹೋದೆ. ನನ್ನನ್ನು ನೋಡಲು ಬಂದವರು ಅವಲಕ್ಕಿ ತಿಂದು, "ತಿಳಿಸ್ತೇವ್ರಿ" ಎಂದು ಎದ್ದು ಹೋದರು. ಆ ದನಿಯಲ್ಲೇ ಗೊತ್ತಾಗುತ್ತದೆ. ಅವ್ವನ ಮುಂದೆ ಅಳಲಿಲ್ಲ. ರವಿವಾರದ ಬಸ್ಸಿನಲ್ಲಿ ಜಮಖಂಡಿ ದಾಟುವಾಗ, ಖೋಲಿಗೆ ಹೋಗಿ ಎಲ್ಲವನ್ನೂ ಅದರ ಮುಂದೆ ಹೇಳಿಬಿಡಬೇಕು ಅಂದುಕೊಂಡೆ. ಬಾಗಿಲು ತೆಗೆದರೆ ಗಾಜಿನ ಪಾತ್ರೆ ತೊಳೆದು ಬೋರಲು ಹಾಕಿತ್ತು. ಖೋಲಿಯ ಇನ್ನೊಂದು ಕೀಲಿ ಇದ್ದದ್ದು ಆಯಿಯ ಹತ್ತಿರ.

ಮೈಯೆಲ್ಲ ಉರಿದುಹೋಯಿತು. ಮುಂದಿನ ಪಾಲಿಗೆ ನುಗ್ಗಿದೆ. "ಯಾರ್ನ ಕೇಳಿ ಚೆಲ್ಲಿದ್ರಿ? ನಾಳೆ ಹುಡುಗೂರಿಗೆ ಏನ ತೋರಸ್ಲಿ?"

"ಚೆಲ್ಲಿಲ್ರಿ" ಅಂದರು ಆಯಿ. "ಬಾವ್ಯಾಗೂ ಬಿಡಲಿಲ್ಲ. ಹೊಳೀ ಜೀವಾ ಹೊಳ್ಯಾಗ ಬಿಡಬೇಕು. ಅಲ್ಲೇ ಒಯ್ದು ಬಿಟ್ಟು ಬಂದ್ನಿ."

ಬಸದಿ ಬಿಟ್ಟರೆ ಎಲ್ಲಿಗೂ ಹೋಗದ ಹೆಂಗಸು, ಬಿಸಿಲಲ್ಲಿ ಆ ಪಾತ್ರೆಯನ್ನು ಸೆರಗಿನಡಿ ಹಿಡಿದು ಹೊಳೆಯ ತನಕ ನಡೆದಿದ್ದರು. ಅದು ತಿಳಿದರೂ ನನ್ನ ಸಿಟ್ಟು ಇಳಿಯಲಿಲ್ಲ.

"ಕೂದಲೆಳಿಯಷ್ಟು ಜೀವದ ಮ್ಯಾಲೆ ಇಷ್ಟು ಕರುಣಾ ಐತಿ, ಹಿಂದಿನ ಖೋಲ್ಯಾಗ ಇದ್ದ ಮನಶ್ಯಾಳ ಮ್ಯಾಲೆ ಇಲ್ಲೇನ್ರಿ? ಮಾತಾಡಾಕ ನನಗ ಅದೊಂದ ಇತ್ತು!"

ಆಯಿ ನನ್ನ ಖೋಲಿಯ ಕಡೆಯ ಗೋಡೆಯತ್ತ ತಿರುಗಿದರು. ಆಮೇಲೆ, ಅದುವರೆಗೆ ಎಂದೂ ನನ್ನನ್ನು ಏಕವಚನದಲ್ಲಿ ಕರೆಯದವರು ಹೇಳಿದರು:

"ಗೊತ್ತೈತಿ ಯವ್ವಾ. ನೀ ಅದರ ಕೂಡ ಮಾತಾಡಾಕತ್ತಿ ಅಂದ್ರ, ನಾ ಕೆಲಸಾ ಬಿಟ್ಟು ಗ್ವಾಡಿಗೆ ಬೆನ್ನ ಹಚ್ಚಿ ಕುಂತು ಕೇಳತಿದ್ನಿ. ಈ ಮನ್ಯಾಗ ಮಾತ ಕೇಳಿ ಎಷ್ಟು ವರ್ಷಾ ಆಗಿತ್ತು. ಹೊಳ್ಯಾಗ ಬಿಡೂಮುಂದ ಅದ ನೆನಪಾತು. ನಾಳಿಂದ ನನಗೂ ಏನೂ ಕೇಳಸೂದಿಲ್ಲಲ್ಲಾ ಅಂತ ಅಲ್ಲೇ ಭಾಳ ಹೊತ್ತು ನಿಂತ್ನಿ."

ನಾನು ಖೋಲಿಗೆ ಬಂದು ಆ ಗೋಡೆಯ ಹತ್ತಿರ ಕುಳಿತೆ. ಆಚೆ ಆಯಿ ಬಂದು ಕುಳಿತ ಸಪ್ಪಳ, ಬಳೆಯಿಲ್ಲದ ಕೈ ಗೋಡೆಗೆ ತಾಗಿದ ಸಪ್ಪಳ ಕೇಳಿಸಿತು. ಬೀಳಗಿಯ ಸುದ್ದಿ ನಾಲಿಗೆಯ ತುದಿಯಲ್ಲೇ ಇತ್ತು. ಕೇಳುವವರಿದ್ದಾರೆ ಎಂದು ಗೊತ್ತಾದ ಮೇಲೆ, ಅದನ್ನು ಹೇಳಲು ನನಗೆ ಬಾಯೇ ಬರಲಿಲ್ಲ.